ಕಪ್ಪು ಬಳಿದು ತಂಪಾದ ವಿಮಾನ

ವೇಗದ ಯುದ್ಧವಿಮಾನಗಳ ಹುಚ್ಚು ಹಿಡಿದವರು ಕೊನೆಗೆ ಬಂದು ನಿಲ್ಲುವುದು ಅಮೆರಿಕದ ಬೇಹುಗಾರಿಕೆ ವಿಮಾನ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಎದುರು. ಚಿಕ್ಕಂದಿನಿಂದ ನನ್ನ ಪಾಡೂ ಅದೇ. 1976ರ ಜುಲೈ 28ರಂದು ಅದು ಗಂಟೆಗೆ 3,529 ಕಿ.ಮೀ. ವೇಗದ ದಾಖಲೆ ಬರೆಯಿತು. ನನಗೆ ದೊಡ್ಡದೆನಿಸುವುದು ಆ ಅಂಕಿಯಲ್ಲ, ಅಂಥ ವೇಗವನ್ನು ಅದು ಬಹಳ ಹೊತ್ತು ತಾಳಿಕೊಳ್ಳುತ್ತಿದ್ದುದು. ನಮ್ಮ ವಾಯುಪಡೆ ಬರೇಲಿಯಿಂದ ಹಾರಿಸುತ್ತಿದ್ದ ಮಿಗ್-25 ಕೂಡ ಶಬ್ದದ ಮೂರು ಪಟ್ಟು ವೇಗದ ಹತ್ತಿರ ಹೋಗುತ್ತಿತ್ತು. ಮಿತಿ ಮೀರಿ ಓಡಿಸಿದರೆ ಎಂಜಿನ್ನೇ ಹಾಳು.

ಅಷ್ಟು ವೇಗದಲ್ಲಿ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತಿಲ್ಲ. ಸೈಕಲ್ ಪಂಪಿನ ಬುಡದಲ್ಲಿ ಆಗುವಂತೆ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಹೊರಗೆ ಶೂನ್ಯಕ್ಕಿಂತ 50 ಡಿಗ್ರಿ ಕೆಳಗಿನ ಚಳಿ, ವಿಮಾನದ ಮೈ ಮಾತ್ರ 250 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಅಲ್ಲಿ ಬಲಗುಂದುತ್ತದೆ. ಹಾಗಾಗಿ ವಿಮಾನದ ವಿನ್ಯಾಸಕ ಕೆಲ್ಲಿ ಜಾನ್ಸನ್‌ನ ತಂಡ ಟೈಟಾನಿಯಂ ಹಿಡಿಯಿತು. ಅದರಲ್ಲಿ ಒಂದಷ್ಟು ಬಂದದ್ದು, ಬೇರೆಯವರ ಹೆಸರಿನಲ್ಲಿ, ಸೋವಿಯತ್ ಒಕ್ಕೂಟದಿಂದಲೇ! ಯಾರ ಮೇಲೆ ಕಣ್ಣಿಡಬೇಕಿತ್ತೋ ಅವರದೇ ಲೋಹ. ಅದೂ ಬಲು ನಾಜೂಕಿನದು: ನಲ್ಲಿ ನೀರಿನ ಕ್ಲೋರಿನ್ ತಾಗಿದರೂ ಬೆಸುಗೆ ಕೆಡುತ್ತಿತ್ತು.

ಕಪ್ಪು ಬಣ್ಣ ಬಳಿಯುವ ಸಲಹೆ ಬೆನ್ ರಿಚ್ ಎಂಬ ಎಂಜಿನಿಯರನದು. ಬಿಸಿಲಿಗೆ ಕಪ್ಪು ಬಟ್ಟೆ ಬೇಡವೆನ್ನುವ ನಮಗೆ ಇದು ವಿಚಿತ್ರ. ಆದರೆ ಶಾಖವನ್ನು ಚೆನ್ನಾಗಿ ಹೀರುವ ಮೈ ಅಷ್ಟೇ ಚೆನ್ನಾಗಿ ಹೊರಸೂಸುತ್ತದೆ ಎಂಬುದು ಕಿರ್ಕಾಫ್ ನಿಯಮ. ಕಾದ ವಿಮಾನ ಹೊರಚೆಲ್ಲಬೇಕಾದ ಶಾಖದ ಮುಂದೆ ಬಿಸಿಲಿನ ಪಾಲು ಚಿಕ್ಕದು. ಲೆಕ್ಕದಲ್ಲಿ ಕಪ್ಪಿಗೇ ಲಾಭ.

ಇನ್ನು ಎಂಜಿನ್. ಶಬ್ದಕ್ಕಿಂತ ವೇಗವಾಗಿ ನುಗ್ಗುವ ಗಾಳಿಯನ್ನು ಅದು ನೇರ ನುಂಗಲಾರದು. ಗಾಳಿ ಒಳಬರುವ ಬಾಯಲ್ಲೊಂದು ಚೂಪು ಶಂಕು. ವೇಗ ಏರಿದಂತೆ ಸುಮಾರು 66 ಸೆಂ.ಮೀ. ಹಿಂದೆ ಸರಿದು ಆಘಾತ ತರಂಗಗಳನ್ನು ಬೇಕಾದ ಜಾಗದಲ್ಲಿ ಹಿಡಿದಿಡುತ್ತಿತ್ತು. ಅವನ್ನು ದಾಟುವಾಗ ಗಾಳಿ ನಿಧಾನವಾಗಿ, ಒತ್ತಡ ಏರುತ್ತಿತ್ತು. ಗರಿಷ್ಠ ವೇಗದಲ್ಲಿ ನೂಕುಬಲದ ಅರ್ಧಕ್ಕೂ ಹೆಚ್ಚು ಪಾಲು ಈ ವ್ಯವಸ್ಥೆಯದೇ. ತರಂಗ ಜಾರಿ ಹೊರಬಿತ್ತೋ, ಆ ಕಡೆಯ ಎಂಜಿನ್ ಬಲ ಥಟ್ಟನೆ ಇಳಿದು ವಿಮಾನ ಪಕ್ಕಕ್ಕೆ ಎಳೆದುಕೊಳ್ಳುತ್ತಿತ್ತು, ಪೈಲಟ್‌ನ ಹೆಲ್ಮೆಟ್ ಗಾಜಿಗೆ ಬಡಿಯುತ್ತಿತ್ತು.

ಕಟ್ಟಿದ 32 ಎಸ್‌ಆರ್-71ಗಳಲ್ಲಿ 12 ಅಪಘಾತಕ್ಕೆ ಹೋದವು, ಶತ್ರುವಿನ ಕ್ಷಿಪಣಿಗೆ ಒಂದೂ ಸಿಗಲಿಲ್ಲ. ಅವನ್ನು ಕೆಳಗಿಳಿಸಿದ್ದು ಖರ್ಚು. ಕೊನೆಯ ಹಾರಾಟ ನಾಸಾ ಕೈಯಲ್ಲಿ, 1999ರಲ್ಲಿ.