‘ಇಲ್ಲ’ ಎನ್ನದ ನೀರುಗಂಟಿ

ಶ್ರೀರಂಗಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ನೀರುಗಂಟಿಯನ್ನು ಅರಿಯದವರಿಲ್ಲ. ತೂಬನ್ನೆತ್ತಿ, ಯಾರ ಗದ್ದೆಗೆ ಎಷ್ಟು ನೀರೆಂದು ಕಂಡು, ಸರದಿ ತಪ್ಪದಂತೆ ಹಾಯಿಸುವುದು ಅವನ ವೃತ್ತಿ. ಕಂಪ್ಯೂಟರಿನೊಳಗೂ ಅಂಥವನೊಬ್ಬನಿದ್ದಾನೆಂಬುದನ್ನು ಕನ್ನಡದ ಅಧ್ಯಾಪಕನಾದ ನಾನು ಅರಿತದ್ದು ಬೆಂಗಳೂರಿನಲ್ಲಿ ತಂತ್ರಜ್ಞನಾಗಿರುವ ಹಳೆಯ ಶಿಷ್ಯನೊಬ್ಬನಿಂದ.

ಕಾರ್ಯಾಚರಣೆ ವ್ಯವಸ್ಥೆಯ ತಿರುಳಿಗೆ ‘ಕರ್ನಲ್’ ಎಂದು ಹೆಸರು. ಯಂತ್ರದ ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟುಗಳ ಪುಟಗಳಾಗಿ ವಿಂಗಡಿಸಿ, ಬೇಡಿದವರಿಗೆ ಹಂಚುವುದು ಅದರ ಹೊಣೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ಲಿನಲ್ಲಿ ಒಂದು ವಿಚಿತ್ರ ಔದಾರ್ಯ ಬೆಳೆದುಬಂದಿತು. ಎಂಟು ಪುಟಗಳವರೆಗಿನ ಬೇಡಿಕೆಗೆ ಅದು ‘ಇಲ್ಲ’ ಎನ್ನುವುದು ತೀರ ಅಪರೂಪ. ಮೆಮೊರಿ ಬರಿದಾದರೆ, ಓಡುತ್ತಿರುವ ಕಾರ್ಯಕ್ರಮಗಳಲ್ಲೊಂದನ್ನು ಬಲಿಗೊಟ್ಟು, ಅದರ ಪಾಲು ಮರಳುವವರೆಗೆ ಬೇಡಿದವನನ್ನು ಕಾಯಿಸುತ್ತಿತ್ತು.

ಈ ಔದಾರ್ಯದ ಕೇಡನ್ನು 2014ರ ಕೊನೆಯಲ್ಲಿ ಜಪಾನಿನ ತೆತ್ಸುಒ ಹಂಡಾ ಎಂಬವರು ಚರ್ಚೆಗೆ ತಂದರು. ಬೇಡುವವನು ಕಡತವೊಂದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಮುಷ್ಟಿಯಲ್ಲಿಟ್ಟುಕೊಂಡೇ ಕಾಯುತ್ತಾನೆ; ಬಲಿಯಾಗಬೇಕಾದವನಿಗೆ ಸಾಯುವ ಮುನ್ನ ಅದೇ ಬೀಗ ತೆರೆಯಬೇಕು. ಇವನು ಬಿಡದೆ ಅವನು ಸಾಯ. ಅವನು ಸಾಯದೆ ಇವನು ಬಿಡ. ಯಂತ್ರ ಸ್ತಬ್ಧ! ಉಳಿಸಿಡದ ಕೆಲಸವೆಲ್ಲ ಅಲ್ಲಿಗೆ ಮಣ್ಣುಪಾಲು.

ಹಾಗಾದರೆ ‘ಇಲ್ಲ’ ಎನ್ನುವುದನ್ನು ಕಲಿಸಿದರಾಗದೆ ಎಂದು ವಾಚಕರು ಕೇಳಬಹುದು, ನಾನೂ ಕೇಳಿದೆ. ತೊಡಕಿರುವುದು ಅಲ್ಲಿಯೇ. ಮೆಮೊರಿ ದೊರೆಯದಿದ್ದರೆ ಏನು ಮಾಡಬೇಕೆಂಬುದನ್ನು ಕರ್ನಲ್ಲಿನಲ್ಲಿ ಎಷ್ಟೋ ಕಡೆ ಬರೆದಿಟ್ಟಿದ್ದಾರೆ. ಆದರೆ ದೊರೆಯದ ಪ್ರಸಂಗವೇ ಬಾರದಿದ್ದುದರಿಂದ ಆ ಸಾಲುಗಳಲ್ಲಿ ಹಲವನ್ನು ಯಾರೂ ನಡೆಸಿ ನೋಡಿರಲಿಲ್ಲ. ಎಂದೂ ನೀರು ಹರಿಯದ ಕೋಡಿ ಎಲ್ಲಿ ಬಿರಿದಿದೆಯೆಂದು ಬಲ್ಲವರಾರು?

ಆದುದರಿಂದ ಬೇರೊಂದು ದಾರಿ ಹುಡುಕಬೇಕಾಯಿತು. 2016ರ 4.6ನೆಯ ಆವೃತ್ತಿಗೆ ಮಿಖಾಲ್ ಹೋಕೊ ಎಂಬವರು ಪ್ರತ್ಯೇಕ ಸೇವಕನೊಬ್ಬನನ್ನು ಸೇರಿಸಿದರು. ಬಲಿಯಾದವನು ಹೊರಡುವವರೆಗೆ ಕಾಯದೆ, ಅವನಿಗೆ ಇನ್ನು ಉಪಯೋಗವಿಲ್ಲದ ಪುಟಗಳನ್ನು ಮೊದಲೇ ಹಿಂದೆಗೆದುಕೊಳ್ಳುವುದು ಇವನ ಕೆಲಸ. ಆ ಪುಟಗಳು ಬೇಡಿದವನಿಗೆ ದೊರೆತರೆ ಅವನ ಕೆಲಸ ಮುಗಿಯುತ್ತದೆ. ಬೀಗ ತಾನಾಗಿ ತೆರೆಯುತ್ತದೆ. ಗಂಟು ಬಹುಮಟ್ಟಿಗೆ ಸಡಿಲವಾಯಿತು. ಆದರೆ ಚಿಕ್ಕ ಬೇಡಿಕೆಗೆ ‘ಇಲ್ಲ’ ಎನ್ನದ ಹಳೆಯ ರೂಢಿ ಹಾಗೆಯೇ ಉಳಿಯಿತು.

ಕನ್ನಂಬಾಡಿ ಕಟ್ಟೆಯಲ್ಲಿ 124.80 ಅಡಿ ನೀರು ನಿಂತ ವರ್ಷ ಉದಾರಿಯಾಗುವುದು ಯಾರಿಗೂ ಕಷ್ಟವಲ್ಲ. ಬರಗಾಲದ ಕಟ್ಟಳೆಯನ್ನು ತುಂಬಿದ ವರ್ಷದಲ್ಲಿಯೇ ನಡೆಸಿ ನೋಡುವವನು ಒಳ್ಳೆಯ ನೀರುಗಂಟಿ.