ವಾರವಿಡೀ ಮೆಟ್ರೊ, ಭಾನುವಾರ ಕಾರು

ಕಾರು ಓಡಿಸುವುದೆಂದರೆ ನನಗೆ ಈಗಲೂ ಇಷ್ಟ. ಶಿರಾಡಿ ಘಾಟಿಯ ತಿರುವಿನಲ್ಲಿ ಗೇರ್ ಇಳಿಸುವ ಸುಖವೇ ಬೇರೆ. ಆದರೆ ವಿಜಯನಗರದಿಂದ ವೈಟ್‌ಫೀಲ್ಡ್ ಆಫೀಸಿಗೆ ಹೋಗುವುದಿದೆಯಲ್ಲ, ಅದು ಕ್ಲಚ್ ತುಳಿಯುವ ಜೀತ. ಟಿನ್ ಫ್ಯಾಕ್ಟರಿ ಹತ್ತಿರ ಎಡಗಾಲು ಮರಗಟ್ಟುತ್ತಿತ್ತು.

2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಕೊಂಡಿ ಕೂಡಿ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಸುಮಾರು 43 ಕಿಲೊಮೀಟರ್ ನೇರಳೆ ಮಾರ್ಗ ಪೂರ್ತಿಯಾಯಿತು. ಅಂದಿನಿಂದ ಮೆಟ್ರೊ ಹಿಡಿದೆ. ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು ನಿಜ, ಆದರೆ ತಲುಪುವ ಹೊತ್ತು ಗೊತ್ತು. ಜನ ಕಾರು ಬಿಡುವುದು ಪೆಟ್ರೋಲ್ ದರಕ್ಕಿಂತ ಹೆಚ್ಚಾಗಿ ರಸ್ತೆಯಲ್ಲಿ ಯಾವಾಗ ತಲುಪುತ್ತೇವೋ ಎಂಬ ಅನಿಶ್ಚಿತತೆಗೆ ಬೇಸತ್ತು ಎಂಬುದು ನನ್ನ ಅಂದಾಜು.

ಹಾಗಂತ ಕಾರು ಮಾರಲು ಮನಸ್ಸು ಬಾರದು. ನಡುರಾತ್ರಿ ಅಮ್ಮನಿಗೆ ಎದೆನೋವು ಬಂದರೆ? ಮಳೆ ಸುರಿವಾಗ ಆಟೊದವರು ಒಲ್ಲೆ ಎಂದರೆ? ಬೇಸ್‌ಮೆಂಟಿನಲ್ಲಿ ದೂಳು ತಿನ್ನುವ ಬಂಡಿಗೆ ವಿಮೆ ಕಟ್ಟುತ್ತಲೇ ಇದ್ದೇನೆ. ಬ್ಯಾಟರಿ ಸಾಯದಿರಲೆಂದು ಭಾನುವಾರ ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಹೋಗುತ್ತೇವೆ. ನೆಪವೆಂದು ಹೆಂಡತಿಗೂ ಗೊತ್ತು.