ಬಡಿತ ಏರಿಸಿದರೆ ಬಲ ಏರುತ್ತದೆಯೇ?

ಬೈಪಾಸ್ ಆದವರನ್ನು ನೋಡಲು ಐಸಿಯುಗೆ ಹೋದ ಮನೆಯವರು ಒಮ್ಮೊಮ್ಮೆ ಗಾಬರಿಯಾಗುತ್ತಾರೆ: ‘ಪೇಸ್‌ಮೇಕರ್ ಹಾಕಿಬಿಟ್ರಾ?’ ಎದೆಮೂಳೆಯ ಕೆಳಗಿನಿಂದ ಹೊರಬಂದ ಸಪೂರ ತಂತಿಗಳು, ಅವು ಸೇರುವ ಪುಟ್ಟ ಪೆಟ್ಟಿಗೆ. ಹೌದು, ಪೇಸ್‌ಮೇಕರೇ. ಆದರೆ ನಾಲ್ಕು ದಿನದ ನೆಂಟ.

ಆಪರೇಷನ್ ವೇಳೆ ಪೊಟ್ಯಾಸಿಯಂ ದ್ರಾವಣ ಹರಿಸಿ ನಿಲ್ಲಿಸಿದ್ದ ಹೃದಯ (ಬಡಿಯುತ್ತಿರುವಾಗಲೇ ಹೊಲಿಗೆ ಹಾಕುವ ಸರ್ಜನ್‌ಗಳೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ) ಮತ್ತೆ ಬಡಿಯತೊಡಗಿದರೂ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಮಂಕಾಗಿರುತ್ತದೆ. ಸ್ನಾಯು ಸತ್ತಿಲ್ಲ, ಹಿಂಡುವ ಕಸುವಿಲ್ಲ. ಬಡಿತಕ್ಕೆ 70 ಮಿ.ಲೀ. ರಕ್ತ ತಳ್ಳುತ್ತಿದ್ದದ್ದು 50ಕ್ಕೆ ಇಳಿಯಿತೆನ್ನಿ. ನಿಮಿಷಕ್ಕೆ 60 ಬಡಿತವಾದರೆ ಮೂರೇ ಲೀಟರ್. ಆ ಪೆಟ್ಟಿಗೆಯಿಂದ ಅದನ್ನು 90 ಮಾಡಿದರೆ ನಾಲ್ಕೂವರೆ.

ಲಾಭ ಈ ಗುಣಾಕಾರಕ್ಕೇ ಮುಗಿಯುವುದಿಲ್ಲ. 1871ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಶರೀರಕ್ರಿಯಾ ವಿಜ್ಞಾನಿ ಹೆನ್ರಿ ಬೌಡಿಚ್ ಕಪ್ಪೆಯ ಹೃದಯಕ್ಕೆ ಬೇಗಬೇಗ ವಿದ್ಯುತ್ ತಾಗಿಸಿದಾಗ ಪ್ರತಿ ಸಂಕೋಚನ ಹಿಂದಿನದಕ್ಕಿಂತ ಜೋರಾಗುತ್ತ ಹೋಯಿತು. ಕಾರಣ ಕ್ಯಾಲ್ಸಿಯಂ. ಪ್ರತಿ ಬಡಿತಕ್ಕೂ ಅದು ಸ್ನಾಯುಕೋಶಕ್ಕೆ ನುಗ್ಗುತ್ತದೆ. ಬಡಿತ ಹೆಚ್ಚಿದರೆ ಹೊರಹಾಕಲು ಪುರಸೊತ್ತಿಲ್ಲದೆ ಒಳಗಿನ ಉಗ್ರಾಣದಲ್ಲಿ ದಾಸ್ತಾನು ಬೆಳೆಯುತ್ತದೆ. ಮುಂದಿನ ಹಿಡಿತ ಬಿಗಿಯಾಗುತ್ತದೆ.

ಹಾಗಂತ 130ಕ್ಕೆ ಏರಿಸಿಬಿಡೋಣವೇ? ಅಲ್ಲೇ ಇರುವುದು ತೊಡಕು. ಬಹುಕಾಲದಿಂದ ಸೋತ ಹೃದಯದಲ್ಲಿ ಆ ಉಗ್ರಾಣ ತುಂಬಿಸುವ ಪ್ರೋಟೀನೇ ಸೊರಗಿರುತ್ತದೆ. ಅಂಥ ಸ್ನಾಯುವನ್ನು ಓಡಿಸಿದರೆ ಬಲ ಏರುವುದಿಲ್ಲ, ಇಳಿಯಲೂಬಹುದು. ಇನ್ನೊಂದು, ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಸಿಗುವುದು ಬಹುಪಾಲು ಅದು ಸಡಿಲವಾಗಿರುವಾಗ. 60ರ ಬಡಿತದಲ್ಲಿ ಈ ವಿರಾಮ ಸುಮಾರು 0.7 ಸೆಕೆಂಡು; 120ರಲ್ಲಿ ಕಾಲು ಸೆಕೆಂಡಿನ ಆಸುಪಾಸು. ಹೃತ್ಕುಕ್ಷಿ ತುಂಬಿಕೊಳ್ಳಬೇಕಾದದ್ದೂ ಅಷ್ಟರೊಳಗೇ. ಸಾಮಾನ್ಯವಾಗಿ 80–100ರ ನಡುವೆ ನಿಲ್ಲಿಸುವುದು ಇದಕ್ಕೇ.

ನನ್ನ ಮಟ್ಟಿಗೆ, ಈ ಅಂಕಿಗಿಂತ ತಂತಿ ಎಲ್ಲಿದೆ ಎಂಬುದೇ ಹೆಚ್ಚು ಸ್ವಾರಸ್ಯದ ವಿಷಯ. ಬಲ ಹೃತ್ಕರ್ಣವನ್ನು ಪ್ರಚೋದಿಸಿದರೆ ಸಂಕೇತ ತನ್ನ ಸಹಜ ದಾರಿಯಲ್ಲೇ ಇಳಿಯುತ್ತದೆ: ಮೇಲಿನ ಕೋಣೆ ತುಂಬಿಸಿಕೊಟ್ಟ ಮೇಲೆ ಕೆಳಗಿನದು ಹಿಂಡುತ್ತದೆ. ನೇರ ಹೃತ್ಕುಕ್ಷಿಗೆ ಕೊಟ್ಟರೆ ಈ ಕ್ರಮ ತಪ್ಪುತ್ತದೆ. ಒಂದು ಗೋಡೆ ಮೊದಲು, ಇನ್ನೊಂದು ತಡವಾಗಿ ಕುಗ್ಗುತ್ತದೆ. ಬಡಿತದ ಸಂಖ್ಯೆ ಬದಲಾಗದಿದ್ದರೂ ಮಾನಿಟರ್‌ನಲ್ಲಿ ಬಿ.ಪಿ. ಇಳಿಯುವುದುಂಟು. ಮೇಲಿನಿಂದ ಕೆಳಕ್ಕೆ ಸಂಕೇತದ ದಾರಿ ಕಟ್ಟಿದ್ದರೆ ಎರಡೂ ಕೋಣೆಗಳನ್ನು ಒಂದಾದ ಮೇಲೊಂದರಂತೆ ಪ್ರಚೋದಿಸುತ್ತಾರೆ.

ಹೃದಯ ತನ್ನ ಲಯಕ್ಕೆ ಬಂದಂತೆ ಪೆಟ್ಟಿಗೆಯ ಅಂಕಿಯನ್ನು ತಗ್ಗಿಸುತ್ತಾರೆ. ಆಗ ಬಡಿತ ತೀರಾ ನಿಧಾನವಾದರೆ ಮಾತ್ರ ಅದು ಕೈಹಾಕುತ್ತದೆ. ಆ ಅಗತ್ಯವೂ ಬೀಳದಿದ್ದರೆ ತಂತಿಗಳನ್ನು ಮೆಲ್ಲಗೆ ಎಳೆದು ತೆಗೆದು, ರಕ್ತ ಒಸರುವುದೇನೋ ಎಂದು ಕೆಲವು ಗಂಟೆ ಕಣ್ಣಿಟ್ಟಿರುತ್ತಾರೆ.